ಒಂದೇ ತಾಣ, ನಾಲ್ಕು ಲೆಕ್ಕ

ಒಂದು ವೆಬ್‌ಸೈಟ್‌ಗೆ ಕಳೆದ ತಿಂಗಳು ಎಷ್ಟು ಜನ ಬಂದಿದ್ದರು ಎಂಬ ಪ್ರಶ್ನೆಗೆ ಗೂಗಲ್ ಅನಲಿಟಿಕ್ಸ್ ಒಂದು ಉತ್ತರ ಕೊಡುತ್ತದೆ, ಸರ್ವರ್‌ನ ಲಾಗ್ ಕಡತ ಇನ್ನೊಂದು, ಕ್ಲೌಡ್‌ಫ್ಲೇರ್ ಮತ್ತೊಂದು, ಸಿಮಿಲರ್‌ವೆಬ್ ಮಗದೊಂದು. ವ್ಯತ್ಯಾಸ ನೂರಕ್ಕೆ ಎರಡು ಮೂರರಷ್ಟಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಒಂದು ಅಂಕಿ ಇನ್ನೊಂದರ ದುಪ್ಪಟ್ಟಾಗಿರುವುದೂ ಅಪರೂಪವೇನಲ್ಲ. ಜಾಹೀರಾತಿನ ದರ, ಸುದ್ದಿಮನೆಯ ಆದ್ಯತೆ, ಸರ್ವರ್‌ಗೆ ಕಟ್ಟುವ ಬಾಡಿಗೆ ಎಲ್ಲವೂ ಈ ಅಂಕಿಗಳನ್ನೇ ಆಧರಿಸಿರುವುದರಿಂದ ಯಾವುದು ಸರಿ, ಯಾವುದು ಸುಳ್ಳು ಎಂಬ ವಾದ ಏಳುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಯಾವುದೂ ಸುಳ್ಳಾಗಿರುವುದಿಲ್ಲ. ಇವುಗಳಲ್ಲಿ ಯಾವುದೂ ಮನುಷ್ಯರನ್ನು ನೇರವಾಗಿ ಎಣಿಸುವುದಿಲ್ಲ; ಮನುಷ್ಯರು ಬಂದುಹೋದಾಗ ಉಳಿಯುವ ಗುರುತುಗಳನ್ನಷ್ಟೇ ಎಣಿಸುತ್ತವೆ. ಯಾವ ಗುರುತನ್ನು ಎಣಿಸಬೇಕು, ಎಲ್ಲಿ ನಿಂತು ಎಣಿಸಬೇಕು, ಎಷ್ಟು ಹೊತ್ತಿನವರೆಗೆ ಅದನ್ನು ಒಂದೇ ಭೇಟಿ ಎನ್ನಬೇಕು ಎಂಬುದನ್ನು ಒಂದೊಂದು ಸಾಧನ ಒಂದೊಂದು ರೀತಿ ತೀರ್ಮಾನಿಸಿಕೊಂಡಿದೆ.

ಇದರ ಬೇರು ವೆಬ್‌ನ ಮೂಲ ವಿನ್ಯಾಸದಲ್ಲೇ ಇದೆ. ಬ್ರೌಸರ್ ಮತ್ತು ಸರ್ವರ್ ಪರಸ್ಪರ ವ್ಯವಹರಿಸುವ ಎಚ್‌ಟಿಟಿಪಿ ನಿಯಮಾವಳಿಗೆ ನೆನಪು ಎಂಬುದಿಲ್ಲ. ಬ್ರೌಸರ್ ಒಂದು ಕಡತ ಕೇಳುತ್ತದೆ, ಸರ್ವರ್ ಕೊಡುತ್ತದೆ, ಅಲ್ಲಿಗೆ ವ್ಯವಹಾರ ಮುಗಿಯಿತು. ಮರುಕ್ಷಣ ಇನ್ನೊಂದು ಕಡತ ಕೇಳಿದ್ದು ಅದೇ ವ್ಯಕ್ತಿಯೇ, ಬೇರೆಯವರೇ ಎಂಬುದು ಸರ್ವರ್‌ಗೆ ತಿಳಿಯುವುದಿಲ್ಲ. ಅಂಗಡಿಯಲ್ಲಿ ಆರಿಸಿಟ್ಟ ವಸ್ತುಗಳನ್ನು ನೆನಪಿಟ್ಟುಕೊಳ್ಳುವಂಥ ಸಣ್ಣ ಕೆಲಸವೂ ಇದರಿಂದ ಕಷ್ಟವಾಗಿತ್ತು. ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ 1994ರಲ್ಲಿ ಕುಕಿಯನ್ನು, ಅಂದರೆ ಬ್ರೌಸರ್‌ನಲ್ಲಿ ಇಟ್ಟುಬಿಡುವ ಸಣ್ಣ ಗುರುತುಚೀಟಿಯನ್ನು, ರೂಪಿಸಿದ್ದು ಈ ಕೊರತೆಯನ್ನು ನೀಗಿಸಲು. ಎಣಿಕೆಯ ಉದ್ಯಮ ಅದರ ಮೇಲೆ ಬೆಳೆದದ್ದು ಆಮೇಲೆ.

ಲಾಗ್ ಹೇಳುವ ಲೆಕ್ಕ

ಮೊದಲ ತಲೆಮಾರಿನ ಎಣಿಕೆಯೆಲ್ಲ ಸರ್ವರ್ ಲಾಗ್‌ನಿಂದಲೇ ನಡೆಯುತ್ತಿತ್ತು. ಲಾಗ್ ಎಂದರೆ ಸರ್ವರ್ ತನ್ನಷ್ಟಕ್ಕೆ ಬರೆದುಕೊಳ್ಳುವ ದಿನಚರಿ. ಅದರ ಒಂದು ಸಾಲಿನಲ್ಲಿ ಕೇಳಿದವರ ಐಪಿ ವಿಳಾಸ, ದಿನಾಂಕ ಮತ್ತು ಸಮಯ, ಕೇಳಿದ ಕಡತದ ಹೆಸರು, ಸರ್ವರ್ ಕೊಟ್ಟ 200 ಅಥವಾ 404ರಂಥ ಸಂಕೇತ, ಕಳುಹಿಸಿದ ಬೈಟ್‌ಗಳ ಸಂಖ್ಯೆ ಇರುತ್ತವೆ. ಸಾಮಾನ್ಯವಾಗಿ ಅವರು ಯಾವ ಪುಟದಿಂದ ಬಂದರು, ಯಾವ ಬ್ರೌಸರ್ ಬಳಸಿದರು ಎಂಬುದೂ ಇರುತ್ತದೆ. ಕೇಂಬ್ರಿಜ್‌ನಲ್ಲಿದ್ದ ಸ್ಟೀಫನ್ ಟರ್ನರ್ 1995ರಲ್ಲಿ ಹೊರತಂದ ಅನಲಾಗ್, ಆಮೇಲೆ ಬಂದ ವೆಬಲೈಜರ್, ಎಡಬ್ಲ್ಯೂಸ್ಟ್ಯಾಟ್ಸ್ ಮುಂತಾದ ತಂತ್ರಾಂಶಗಳು ಇಂಥ ಲಕ್ಷಾಂತರ ಸಾಲುಗಳನ್ನು ಓದಿ ಪಟ್ಟಿ ಮಾಡಿಕೊಡುತ್ತಿದ್ದವು.

ಆ ಕಾಲದಲ್ಲಿ ಹಿಟ್ ಎಂಬ ಅಳತೆಗೆ ದೊಡ್ಡ ಮರ್ಯಾದೆ ಇತ್ತು. ಹಿಟ್ ಎಂದರೆ ಕೇಳಿದ ಒಂದು ಕಡತ. ಒಂದು ಪುಟದಲ್ಲಿ 20 ಚಿತ್ರಗಳಿದ್ದರೆ ಆ ಪುಟವನ್ನು ಒಬ್ಬರು ಒಮ್ಮೆ ತೆರೆದಾಗ ಕನಿಷ್ಠ 21 ಹಿಟ್‌ಗಳಾಗುತ್ತವೆ. ಚಿತ್ರಗಳನ್ನು ಹೆಚ್ಚಿಸಿದರೆ ಸಾಕು, ಓದುಗರು ಹೆಚ್ಚದೆಯೇ ಅಂಕಿ ಏರುತ್ತದೆ. ಈ ಅಳತೆ ಬೇಗನೆ ಬೆಲೆ ಕಳೆದುಕೊಂಡದ್ದು ಸರಿಯೇ ಆಯಿತು. ಆದರೂ ಇವತ್ತಿಗೂ ಕೆಲವು ಹೋಸ್ಟಿಂಗ್ ಪ್ಯಾನಲ್‌ಗಳಲ್ಲಿ ಹಿಟ್ ಸಂಖ್ಯೆ ದಪ್ಪಕ್ಷರದಲ್ಲಿ ಕಾಣಿಸುತ್ತದೆ, ಅದನ್ನೇ ಓದುಗರ ಸಂಖ್ಯೆ ಎಂದು ತಿಳಿದುಕೊಳ್ಳುವವರೂ ಇದ್ದಾರೆ.

ಪುಟಗಳನ್ನಷ್ಟೇ ಎಣಿಸಿದರೂ ಲಾಗ್‌ಗೆ ಎರಡು ತೊಡಕುಗಳಿವೆ. ಮೊದಲನೆಯದು ಕಡಿಮೆ ಎಣಿಕೆ. ಬ್ರೌಸರ್ ತಾನು ಒಮ್ಮೆ ತಂದ ಪುಟವನ್ನು ಕೂಡಿಟ್ಟುಕೊಂಡು ಮತ್ತೆ ಅದನ್ನೇ ತೋರಿಸಬಹುದು. ನಡುವೆ ಇರುವ ಸಿಡಿಎನ್ ಜಾಲ ತನ್ನಲ್ಲಿರುವ ಪ್ರತಿಯನ್ನೇ ಕೊಟ್ಟು ಕಳುಹಿಸಬಹುದು. ಆಗ ಓದು ನಡೆದಿರುತ್ತದೆ, ಮೂಲ ಸರ್ವರ್‌ನ ಲಾಗ್‌ನಲ್ಲಿ ಮಾತ್ರ ಸಾಲು ಬಿದ್ದಿರುವುದಿಲ್ಲ. ಎರಡನೆಯದು ಹೆಚ್ಚು ಎಣಿಕೆ. ಗೂಗಲ್‌ಬಾಟ್, ಬಿಂಗ್‌ಬಾಟ್‌ನಂಥ ಹುಡುಕಾಟದ ಬಾಟ್‌ಗಳು, ಕೃತಕ ಬುದ್ಧಿಮತ್ತೆಯ ಕಂಪನಿಗಳಿಗೆ ಪಠ್ಯ ಸಂಗ್ರಹಿಸುವ ಜಿಪಿಟಿಬಾಟ್‌ನಂಥವು, ತಾಣ ಎದ್ದಿದೆಯೋ ಬಿದ್ದಿದೆಯೋ ಎಂದು ನಿಮಿಷ ನಿಮಿಷಕ್ಕೂ ತಟ್ಟಿ ನೋಡುವ ಸೇವೆಗಳು ಎಲ್ಲವೂ ಲಾಗ್‌ನಲ್ಲಿ ಸಾಲು ಬರೆಸುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಯಾರಾದರೂ ಒಂದು ಕೊಂಡಿಯನ್ನು ಅಂಟಿಸಿದರೆ ಅದರ ಶೀರ್ಷಿಕೆ ಮತ್ತು ಚಿತ್ರ ತೋರಿಸಲು ಆ್ಯಪ್ ಪುಟವನ್ನು ಕೇಳುತ್ತದೆ. ಓದುವುದಿರಲಿ, ಸಂದೇಶ ಇನ್ನೂ ಹೋಗಿಯೇ ಇಲ್ಲದಿದ್ದರೂ ಲಾಗ್‌ನಲ್ಲಿ ಒಂದು ಭೇಟಿ ದಾಖಲಾಗಿರುತ್ತದೆ.

ಪುಟದೊಳಗೆ ಕುಳಿತ ಎಣಿಕೆಗಾರ

ಎರಡನೆಯ ತಲೆಮಾರಿನ ಸಾಧನಗಳು ಎಣಿಕೆಯ ಜಾಗವನ್ನೇ ಬದಲಿಸಿದವು. ಪ್ರತಿ ಪುಟದಲ್ಲೂ ಜಾವಾಸ್ಕ್ರಿಪ್ಟ್‌ನ ಒಂದು ತುಣುಕನ್ನು ಇಟ್ಟು, ಅದು ಓದುಗನ ಬ್ರೌಸರ್‌ನಲ್ಲಿ ಓಡಿದಾಗ ಎಣಿಕೆಯ ಸರ್ವರ್‌ಗೆ ಸುದ್ದಿ ಮುಟ್ಟಿಸುವ ವಿಧಾನ ಇದು. ಗೂಗಲ್ 2005ರಲ್ಲಿ ಸ್ಯಾನ್ ಡಿಯಾಗೋದ ಅರ್ಚಿನ್ ಕಂಪನಿಯನ್ನು ಕೊಂಡು, ಅದೇ ವರ್ಷದ ನವೆಂಬರ್‌ನಲ್ಲಿ ಗೂಗಲ್ ಅನಲಿಟಿಕ್ಸ್ ಅನ್ನು ಉಚಿತವಾಗಿ ಕೊಡತೊಡಗಿದ ಮೇಲೆ ಸಣ್ಣಪುಟ್ಟ ತಾಣಗಳಿಗೂ ಈ ವಿಧಾನ ಬಂತು. ಬ್ರೌಸರ್ ಕೂಡಿಟ್ಟ ಪ್ರತಿಯಿಂದ ಪುಟ ತೆರೆದರೂ ತುಣುಕು ಓಡುತ್ತದೆ. ಜಾವಾಸ್ಕ್ರಿಪ್ಟ್ ಓಡಿಸದ ಸರಳ ಬಾಟ್‌ಗಳು ತಾವಾಗಿಯೇ ಲೆಕ್ಕದಿಂದ ಹೊರಗುಳಿಯುತ್ತವೆ. ಲಾಗ್‌ನ ಎರಡೂ ತೊಡಕುಗಳು ಇದರಿಂದ ತಗ್ಗಿದವು.

ಬದಲಿಗೆ ಹೊಸ ತೊಡಕುಗಳು ಬಂದವು. ಯೂಬ್ಲಾಕ್ ಒರಿಜಿನ್‌ನಂಥ ಆ್ಯಡ್ ಬ್ಲಾಕರ್‌ಗಳು ಜಾಹೀರಾತಿನ ಜೊತೆಗೆ ಎಣಿಕೆಯ ತುಣುಕನ್ನೂ ತಡೆಯುತ್ತವೆ. ಬ್ರೇವ್ ಬ್ರೌಸರ್ ಹಾಕಿಕೊಂಡ ದಿನದಿಂದಲೇ ತಡೆಯುತ್ತದೆ. ತಂತ್ರಜ್ಞಾನ ಬಲ್ಲವರೇ ಹೆಚ್ಚಾಗಿ ಬರುವ ತಾಣದಲ್ಲಿ ಈ ಸೋರಿಕೆ ದೊಡ್ಡದು, ಅಡುಗೆಯ ತಾಣದಲ್ಲಿ ಚಿಕ್ಕದು. ಹಾಗಾಗಿ ಎಲ್ಲ ತಾಣಗಳಿಗೂ ಅನ್ವಯಿಸುವ ಒಂದು ತಿದ್ದುಪಡಿಯ ಸೂತ್ರ ಸಿಗುವುದಿಲ್ಲ. ನಿಧಾನ ನೆಟ್‌ವರ್ಕ್ ಇರುವ ಊರಿನಲ್ಲಿ ಪುಟದ ಅಕ್ಷರ ಕಾಣಿಸಿದ ಕೂಡಲೇ ಓದುಗ ಹಿಂದಕ್ಕೆ ಹೋದರೆ, ಇನ್ನೂ ಬಂದಿರದ ತುಣುಕು ಅವನನ್ನು ಎಣಿಸುವುದಿಲ್ಲ, ಲಾಗ್ ಎಣಿಸಿರುತ್ತದೆ. ತುಣುಕನ್ನು ಪುಟದ ತಲೆಯಲ್ಲಿ ಇಟ್ಟ ಸಾಧನಕ್ಕೂ ಬುಡದಲ್ಲಿ ಇಟ್ಟ ಸಾಧನಕ್ಕೂ ಇದೇ ಕಾರಣದಿಂದ ವ್ಯತ್ಯಾಸ ಬರುತ್ತದೆ. ಪಿಡಿಎಫ್ ಕಡತವನ್ನು ನೇರವಾಗಿ ತೆರೆದವರು ಲಾಗ್‌ನಲ್ಲಿದ್ದಾರೆ, ತುಣುಕಿನ ಲೆಕ್ಕದಲ್ಲಿಲ್ಲ. ಯುರೋಪಿನಲ್ಲಿ 2018ರ ಮೇ 25ರಿಂದ ಜಾರಿಗೆ ಬಂದ ಜಿಡಿಪಿಆರ್ ಕಾನೂನಿನ ನಂತರ ಒಪ್ಪಿಗೆ ಕೇಳುವ ಪಟ್ಟಿಗಳು ಎಲ್ಲೆಡೆ ಬಂದವು; ಒಪ್ಪದವರನ್ನು ಕೆಲವು ಸಾಧನಗಳು ಪೂರ್ತಿ ಬಿಟ್ಟುಬಿಡುತ್ತವೆ, ಗೂಗಲ್‌ನದು ತಾಣದವರು ಕನ್ಸೆಂಟ್ ಮೋಡ್ ಅಳವಡಿಸಿದ್ದರೆ ಅಂದಾಜಿನಿಂದ ತುಂಬಿಕೊಳ್ಳಬಲ್ಲದು. ಕನ್ನಡದ ಒಂದು ಸುದ್ದಿತಾಣವನ್ನು ಬರ್ಲಿನ್‌ನಲ್ಲಿ ಕುಳಿತು ಓದುವವರ ಲೆಕ್ಕಕ್ಕೂ ಇದು ತಗಲುತ್ತದೆ.

ಒಬ್ಬ ಓದುಗ, ಮೂವರು ಬಳಕೆದಾರರು

ಪುಟಗಳ ಎಣಿಕೆಯಲ್ಲೇ ಇಷ್ಟು ಅಂತರವಿದ್ದರೆ, ಜನರ ಎಣಿಕೆಯಲ್ಲಿ ಅದು ಹಲವು ಪಟ್ಟು ಹಿಗ್ಗುತ್ತದೆ. ತುಣುಕು ಆಧರಿಸಿದ ಹೆಚ್ಚಿನ ಸಾಧನಗಳು ಬ್ರೌಸರ್‌ನಲ್ಲಿ ಒಂದು ಕುಕಿ ಇಟ್ಟು, ಒಂದು ಕುಕಿಯನ್ನು ಒಬ್ಬ ಬಳಕೆದಾರ ಎಂದು ಲೆಕ್ಕ ಹಿಡಿಯುತ್ತವೆ. ಕುಕಿ ಅಳಿಸಿದರೆ ಅದೇ ಮನುಷ್ಯ ಹೊಸಬನಾಗುತ್ತಾನೆ. ಅಮೆರಿಕದ ಸುಮಾರು ಶೇ 31ರಷ್ಟು ಕಂಪ್ಯೂಟರ್ ಬಳಕೆದಾರರು ತಿಂಗಳಲ್ಲಿ ಒಮ್ಮೆಯಾದರೂ ತಾಣದ ಸ್ವಂತ ಕುಕಿಗಳನ್ನು ಅಳಿಸುತ್ತಾರೆ ಎಂದು ಅಂತರ್ಜಾಲ ಬಳಕೆಯನ್ನು ಅಳೆಯುವ ಕಾಮ್‌ಸ್ಕೋರ್ ಕಂಪನಿ 2007ರಲ್ಲಿ ವರದಿ ಮಾಡಿತ್ತು. ಕುಕಿ ನಂಬಿದ ಲೆಕ್ಕ ನಿಜವಾದ ಸಂಖ್ಯೆಯ ಎರಡೂವರೆ ಪಟ್ಟಿನವರೆಗೂ ಉಬ್ಬಬಹುದು ಎಂದೂ ಅದು ಹೇಳಿತ್ತು. ಈಗ ಓದುಗರು ತಾವಾಗಿ ಅಳಿಸುವ ಅಗತ್ಯವೂ ಇಲ್ಲ. ಆ್ಯಪಲ್‌ನ ಸಫಾರಿ ಬ್ರೌಸರ್ ಜಾವಾಸ್ಕ್ರಿಪ್ಟ್ ಇಟ್ಟ ಕುಕಿಗಳ ಆಯಸ್ಸನ್ನು 2019ರಲ್ಲಿ ಏಳು ದಿನಕ್ಕೆ ಇಳಿಸಿತು.

ಕುಕಿಯನ್ನೇ ಬಳಸದ ಸಾಧನಗಳ ಲೆಕ್ಕ ಬೇರೆ ದಾರಿ ಹಿಡಿಯುತ್ತದೆ. ಪ್ಲಾಸಿಬಲ್ ಎಂಬ ಸಾಧನ ಐಪಿ ವಿಳಾಸ ಮತ್ತು ಬ್ರೌಸರ್ ವಿವರಗಳಿಂದ ಒಂದು ಗುಪ್ತ ಸಂಖ್ಯೆ ಕಟ್ಟುತ್ತದೆ. ಅದನ್ನು ಕಟ್ಟುವ ಕೀಲಿಯನ್ನು ದಿನಕ್ಕೊಮ್ಮೆ ಬದಲಿಸಿ ಹಳೆಯದನ್ನು ಎಸೆಯುತ್ತದೆ. ಓದುಗನ ಖಾಸಗಿತನಕ್ಕೆ ಇದು ಒಳ್ಳೆಯದು. ಆದರೆ ದಿನವೂ ಬರುವ ನಿಷ್ಠಾವಂತ ಓದುಗ ತಿಂಗಳ ಲೆಕ್ಕದಲ್ಲಿ ಮೂವತ್ತು ಜನರಾಗುತ್ತಾನೆ. ಐಪಿ ವಿಳಾಸವನ್ನೇ ತಲೆಯೆಂದು ಎಣಿಸುವ ಸಾಧನಗಳಿಗೆ ಭಾರತದಲ್ಲಿ ವಿಶೇಷ ಕಷ್ಟವಿದೆ. ಹಳೆಯ ಐಪಿವಿ4 ವಿಳಾಸಗಳ ಕೊರತೆಯಿಂದ ಮೊಬೈಲ್ ಕಂಪನಿಗಳು ಬಹಳಷ್ಟು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತವೆ, ಹಾಗಾಗಿ ನೂರು ಜನ ಒಬ್ಬರಂತೆ ಕಾಣಬಹುದು. ಮನೆಯ ವೈಫೈ ಬಿಟ್ಟು ಬಸ್ ಹತ್ತಿ ಆಫೀಸು ಸೇರುವವನು ಮೂರು ವಿಳಾಸಗಳಿಂದ ಮೂವರಂತೆ ಕಾಣಬಹುದು. ತಪ್ಪು ಎರಡೂ ಕಡೆಗೆ ಇರುವುದರಿಂದ ಒಂದನ್ನೊಂದು ಸರಿದೂಗಿಸುತ್ತದೆ ಎಂದು ನೆಮ್ಮದಿಪಡುವಂತಿಲ್ಲ. ಯಾವುದು ಎಷ್ಟು ಎಂಬುದು ತಾಣದಿಂದ ತಾಣಕ್ಕೆ ಬದಲಾಗುತ್ತದೆ.

ಇದರ ಮೇಲೆ ಭೇಟಿ ಅಥವಾ ಸೆಷನ್ ಎಂಬ ಇನ್ನೊಂದು ಅಳತೆ ಇದೆ, ಅಲ್ಲಿಯ ವ್ಯತ್ಯಾಸಗಳು ಶುದ್ಧ ನಿಯಮದ ವ್ಯತ್ಯಾಸಗಳು. ದಾವಣಗೆರೆಯ ಒಬ್ಬ ಓದುಗನನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಭಾನುವಾರ ರಾತ್ರಿ 11:45ಕ್ಕೆ ಅವನು ವಾಟ್ಸ್‌ಆ್ಯಪ್‌ನಲ್ಲಿ ಬಂದ ಕೊಂಡಿಯನ್ನು ಐಫೋನ್‌ನ ಸಫಾರಿಯಲ್ಲಿ ತೆರೆದು ಎರಡು ಪುಟ ಓದುತ್ತಾನೆ. 12:05ಕ್ಕೆ ಅದೇ ತಾಣದಲ್ಲಿ ಮೂರನೆಯ ಪುಟಕ್ಕೆ ಹೋಗುತ್ತಾನೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಆಫೀಸಿನ ಕಂಪ್ಯೂಟರ್‌ನಲ್ಲಿ ತಾಣ ತೆರೆಯುತ್ತಾನೆ, ಟ್ಯಾಬ್ ಹಾಗೆಯೇ ಬಿಟ್ಟು ಎರಡು ಗಂಟೆಗೆ ಊಟ ಮುಗಿಸಿ ಬಂದು ಅದರೊಳಗಿನ ಇನ್ನೊಂದು ಕೊಂಡಿ ಒತ್ತುತ್ತಾನೆ. ಹನ್ನೊಂದು ದಿನ ಬಿಟ್ಟು ಫೋನಿನಲ್ಲಿ ಮತ್ತೆ ಒಂದು ಪುಟ ಓದುತ್ತಾನೆ. ಒಟ್ಟು ಆರು ಪುಟಗಳು.

2023ರ ಜುಲೈನಲ್ಲಿ ನಿಂತುಹೋದ ಹಳೆಯ ಗೂಗಲ್ ಅನಲಿಟಿಕ್ಸ್‌ನ ನಿಯಮದಲ್ಲಿ ಮಧ್ಯರಾತ್ರಿಗೆ ಸೆಷನ್ ಮುಗಿಯುತ್ತಿತ್ತು, 30 ನಿಮಿಷ ಸುಮ್ಮನಿದ್ದರೂ ಮುಗಿಯುತ್ತಿತ್ತು. ಅದರ ಪ್ರಕಾರ ಇವು ಐದು ಭೇಟಿಗಳು. ಈಗಿರುವ ಜಿಎ4 ಮಧ್ಯರಾತ್ರಿಯ ಗೆರೆಯನ್ನು ಅಳಿಸಿದೆ, ಹಾಗಾಗಿ ನಾಲ್ಕು. ಕ್ಲೌಡ್‌ಫ್ಲೇರ್‌ನ ವೆಬ್ ಅನಲಿಟಿಕ್ಸ್‌ಗೆ ಗಡಿಯಾರವೇ ಮುಖ್ಯವಲ್ಲ. ಬೇರೆ ತಾಣದಿಂದಲೋ ನೇರವಾಗಿಯೋ ಬಂದು ತೆರೆದ ಪುಟವನ್ನು ಅದು ಒಂದು ಭೇಟಿ ಎನ್ನುತ್ತದೆ. ಊಟದ ನಂತರದ ಕ್ಲಿಕ್ ಒಳಗಿನದೇ ಆದ್ದರಿಂದ ಅದರ ಲೆಕ್ಕ ಮೂರು. ಇನ್ನು ಬಳಕೆದಾರರು: ಫೋನಿನ ಕುಕಿ ಒಬ್ಬ, ಆಫೀಸಿನ ಕಂಪ್ಯೂಟರ್ ಇನ್ನೊಬ್ಬ, ಏಳು ದಿನದ ಗಡುವು ಮೀರಿ ಹೊಸ ಕುಕಿ ಪಡೆದ ಅದೇ ಫೋನು ಮೂರನೆಯವನು. ಒಬ್ಬನೇ ಮನುಷ್ಯ, ಮೂರು, ನಾಲ್ಕು ಅಥವಾ ಐದು ಭೇಟಿ, ಮೂವರು ಬಳಕೆದಾರರು. ಯಾವ ಸಾಧನವೂ ತನ್ನ ನಿಯಮವನ್ನು ಮುರಿದಿಲ್ಲ. ಅಡೋಬಿ ಅನಲಿಟಿಕ್ಸ್‌ನಲ್ಲಿ ಇನ್ನೂ ಬೇರೆ ಗೆರೆಗಳಿವೆ: 12 ಗಂಟೆ ಸತತವಾಗಿ ತಾಣದಲ್ಲಿದ್ದರೂ ಭೇಟಿ ಮುಗಿದು ಹೊಸದು ಶುರುವಾಗುತ್ತದೆ. ಸುಮ್ಮನೆ ಹೆಸರು ಒಂದೇ ಇದ್ದು ಅರ್ಥ ಬದಲಾಗುವ ಅಳತೆಗಳೂ ಇವೆ. ಬೌನ್ಸ್ ರೇಟ್ ಎಂದರೆ ಹಳೆಯ ಗೂಗಲ್ ಅನಲಿಟಿಕ್ಸ್‌ನಲ್ಲಿ ಒಂದೇ ಪುಟ ನೋಡಿ ಹೊರಟವರ ಪಾಲು. ಜಿಎ4ರಲ್ಲಿ ಒಂದೇ ಪುಟವನ್ನು ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಓದಿದವರು ಆ ಪಾಲಿನಲ್ಲಿ ಬರುವುದಿಲ್ಲ. ಎರಡು ವರ್ಷಗಳ ವರದಿಗಳನ್ನು ಪಕ್ಕಪಕ್ಕ ಇಟ್ಟು ತಾಣ ಸುಧಾರಿಸಿತು ಎಂದು ಹಿಗ್ಗಿದವರು ನೋಡಿದ್ದು ನಿಯಮದ ಬದಲಾವಣೆಯನ್ನು.

ದಿನ ಯಾವಾಗ ಶುರುವಾಗುತ್ತದೆ ಎಂಬುದೂ ಸಣ್ಣ ವಿಷಯವಲ್ಲ. ಗೂಗಲ್‌ನ ಸರ್ಚ್ ಕನ್ಸೋಲ್ ದಿನವಾರು ವರದಿಯನ್ನು ಅಮೆರಿಕದ ಪೆಸಿಫಿಕ್ ಸಮಯದಲ್ಲಿ ಕೊಡುತ್ತದೆ. ಅಲ್ಲಿಯ ಮಧ್ಯರಾತ್ರಿ ಎಂದರೆ ಬೇಸಿಗೆಯಲ್ಲಿ ಇಲ್ಲಿ ಮಧ್ಯಾಹ್ನ 12:30, ಚಳಿಗಾಲದಲ್ಲಿ 1:30. ಮೇ ತಿಂಗಳ ಒಂದು ಬೆಳಿಗ್ಗೆ 11ಕ್ಕೆ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದು ಲಕ್ಷಾಂತರ ಮನೆಗಳಲ್ಲಿ ಗೂಗಲ್ ಹುಡುಕಾಟ ನಡೆದರೆ, ಮೊದಲ ಒಂದೂವರೆ ಗಂಟೆಯ ಕ್ಲಿಕ್‌ಗಳೆಲ್ಲ ಸರ್ಚ್ ಕನ್ಸೋಲ್‌ನಲ್ಲಿ ಹಿಂದಿನ ದಿನಾಂಕಕ್ಕೆ ಸೇರುತ್ತವೆ. ಭಾರತೀಯ ಸಮಯಕ್ಕೆ ಹೊಂದಿಸಿದ ಅನಲಿಟಿಕ್ಸ್‌ನಲ್ಲಿ ಅದೇ ದಿನಕ್ಕೆ. ಜೊತೆಗೆ ಕ್ಲಿಕ್ ಬೇರೆ, ಸೆಷನ್ ಬೇರೆ. ಕೊಂಡಿ ಒತ್ತಿದ್ದು ಕ್ಲಿಕ್. ಪುಟ ಬಂದು ತುಣುಕು ಓಡಿದರೆ ಮಾತ್ರ ಸೆಷನ್. ಫೇಸ್‌ಬುಕ್‌ನ ಜಾಹೀರಾತು ವರದಿಯಲ್ಲೇ ಕೊಂಡಿಯ ಕ್ಲಿಕ್ ಮತ್ತು ಪುಟ ತೆರೆದ ಎಣಿಕೆಗೆ ಪ್ರತ್ಯೇಕ ಕಾಲಂಗಳಿರುವುದು ಈ ಕಾರಣಕ್ಕೆ.

ಹೊರಗೆ ನಿಂತು ಅಂದಾಜಿಸುವವರು

ಸಿಮಿಲರ್‌ವೆಬ್, ಕಾಮ್‌ಸ್ಕೋರ್‌ನಂಥವರ ಕೆಲಸವೇ ಬೇರೆ ಜಾತಿಯದು. ತಾಣದ ಮಾಲೀಕನ ಅನುಮತಿ ಇಲ್ಲದೆಯೂ ಯಾವುದೇ ತಾಣದ ಓದುಗರ ಸಂಖ್ಯೆಯನ್ನು ಹೇಳಬೇಕಾದರೆ, ಒಂದಷ್ಟು ಜನರ ಬಳಕೆಯನ್ನು ಗಮನಿಸಿ ಇಡೀ ಜನಸಂಖ್ಯೆಗೆ ಹಿಗ್ಗಿಸಬೇಕಾಗುತ್ತದೆ. 1996ರಲ್ಲಿ ಶುರುವಾಗಿ, 1999ರಲ್ಲಿ ಅಮೆಜಾನ್ ಕೈಸೇರಿ, 2022ರ ಮೇ 1ರಂದು ಮುಚ್ಚಿದ ಅಲೆಕ್ಸಾ ಇಂಟರ್‌ನೆಟ್ ತನ್ನ ಟೂಲ್‌ಬಾರ್ ಹಾಕಿಕೊಂಡವರನ್ನು ಹೀಗೆ ಗಮನಿಸಿ ಜಗತ್ತಿನ ತಾಣಗಳಿಗೆ ಶ್ರೇಯಾಂಕ ಕೊಡುತ್ತಿತ್ತು. ಕಂಪ್ಯೂಟರ್‌ಗೆ ಟೂಲ್‌ಬಾರ್ ಹಾಕಿಕೊಳ್ಳುವವರು ಎಲ್ಲ ಓದುಗರಂತಿರಲಿಲ್ಲ. ಫೋನಿನಲ್ಲಷ್ಟೇ ಓದುವವರು ಅದಕ್ಕೆ ಸಿಗುತ್ತಲೇ ಇರಲಿಲ್ಲ. ಇಂಥ ಅಂದಾಜು ದೊಡ್ಡ ತಾಣಗಳಿಗೆ ಸುಮಾರಾಗಿ ಹೊಂದುತ್ತದೆ. ಒಂದು ಭಾಷೆಯ, ಒಂದು ಜಿಲ್ಲೆಯ ಓದುಗರನ್ನೇ ನೆಚ್ಚಿದ ಸಣ್ಣ ತಾಣದ ಬಗ್ಗೆ ಅದರ ಮಾತನ್ನು ಪ್ರಮಾಣವಾಗಿ ತೆಗೆದುಕೊಳ್ಳುವುದು ಅನ್ಯಾಯ. ಗಮನಿಸಿದ ಗುಂಪಿನಲ್ಲಿ ಅಂಥ ಓದುಗರು ಬೆರಳೆಣಿಕೆಯಷ್ಟೂ ಇಲ್ಲದಿರಬಹುದು.

ಒಳಗಿನ ಸಾಧನಗಳೂ ಅಂದಾಜಿನಿಂದ ಪೂರ್ತಿ ಮುಕ್ತವಲ್ಲ. ಕೋಟಿಗಟ್ಟಲೆ ಗುರುತುಗಳಲ್ಲಿ ಬೇರೆ ಬೇರೆಯವು ಎಷ್ಟು ಎಂದು ನಿಖರವಾಗಿ ಎಣಿಸಲು ಅಪಾರ ಕಂಪ್ಯೂಟರ್ ಶಕ್ತಿ ಬೇಕು. ಜಿಎ4 ಬಳಕೆದಾರರ ಮತ್ತು ಸೆಷನ್‌ಗಳ ಸಂಖ್ಯೆಯನ್ನು ಹೈಪರ್‌ಲಾಗ್‌ಲಾಗ್ ಪ್ಲಸ್ ಪ್ಲಸ್ ಎಂಬ ಗಣಿತದ ವಿಧಾನದಿಂದ ಅಂದಾಜಿಸುತ್ತದೆ. ಇದರ ದೋಷ ಚಿಕ್ಕದು. ಅದೇ ಮಾಹಿತಿಯನ್ನು ಗೂಗಲ್‌ನ ದತ್ತಾಂಶ ಸೇವೆಯಾದ ಬಿಗ್‌ಕ್ವೆರಿಗೆ ಇಳಿಸಿಕೊಂಡು ಒಂದೊಂದಾಗಿ ಎಣಿಸಿದವರಿಗೆ ಮಾತ್ರ ಅಂಕಿ ತುಸು ಬೇರೆಯಾಗಿ ಕಾಣುತ್ತದೆ. ನಿನ್ನೆಯ ವರದಿ ನಾಳೆ ಬದಲಾಗುವುದೂ ಉಂಟು. ಸಂಸ್ಕರಣೆ ಮುಗಿಯಲು 24ರಿಂದ 48 ಗಂಟೆ ಹಿಡಿಯುತ್ತದೆ.

ವಿಕಿಪೀಡಿಯದ ಪಾಠ

ಎಣಿಕೆಯ ಕಷ್ಟಗಳನ್ನೆಲ್ಲ ಬಚ್ಚಿಡದೆ ಸಾರ್ವಜನಿಕವಾಗಿ ಬರೆದಿಟ್ಟ ಸಂಸ್ಥೆ ವಿಕಿಮೀಡಿಯ ಫೌಂಡೇಶನ್. ವಿಕಿಪೀಡಿಯದಲ್ಲಿ ಜಾಹೀರಾತಿಲ್ಲ, ಗೂಗಲ್ ಅನಲಿಟಿಕ್ಸ್ ಇಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ ಸೇರಿದಂತೆ ಎಲ್ಲ ಭಾಷೆಗಳ ಪುಟಗಳು ಫೌಂಡೇಶನ್‌ನ ಸ್ವಂತ ಸರ್ವರ್‌ಗಳಿಂದಲೇ ಹೋಗುತ್ತವೆ, ಎಣಿಕೆಯೂ ಅಲ್ಲೇ ನಡೆಯುತ್ತದೆ. 2007ರ ಡಿಸೆಂಬರ್‌ನಿಂದ ಪ್ರಕಟವಾಗುತ್ತಿದ್ದ ಹಳೆಯ ಎಣಿಕೆಯಲ್ಲಿ ಬಾಟ್‌ಗಳು ಸೇರಿದ್ದವು, ಮೊಬೈಲ್ ತಾಣ ಸೇರಿರಲಿಲ್ಲ. ಜನ ಕಂಪ್ಯೂಟರ್‌ನಿಂದ ಫೋನಿಗೆ ಸರಿಯುತ್ತಿದ್ದ ವರ್ಷಗಳಲ್ಲಿ ಇಂಥ ನಕ್ಷೆ ಓದುವವರಿಗೆ ಎರಡೂ ಕಡೆಯಿಂದ ದಾರಿ ತಪ್ಪಿಸುವಂಥದ್ದು. 2015ರ ಮೇನಲ್ಲಿ ಪುಟವೀಕ್ಷಣೆಗೆ ಹೊಸ ವ್ಯಾಖ್ಯೆ ಬಂತು: ಮೊಬೈಲ್ ಸೇರಿತು, ತಾವು ಬಾಟ್ ಎಂದು ಹೇಳಿಕೊಳ್ಳುವ ಬಾಟ್‌ಗಳು ಬೇರೆಯಾದವು. ಹೇಳಿಕೊಳ್ಳದೆ ನುಸುಳುವವುಗಳಿಗಾಗಿ 2020ರಲ್ಲಿ ಇನ್ನೊಂದು ವರ್ಗ ತೆರೆಯಬೇಕಾಯಿತು.

ಓದುಗರ ಸಂಖ್ಯೆಗೆ ಫೌಂಡೇಶನ್ ಮೊದಲು ಕಾಮ್‌ಸ್ಕೋರ್ ಅಂಕಿಗಳನ್ನು ಬಳಸುತ್ತಿತ್ತು. ಆಮೇಲೆ ಖಾಸಗಿತನಕ್ಕೆ ಧಕ್ಕೆ ತಾರದ ಸ್ವಂತ ದಾರಿಯೊಂದನ್ನು ಕಂಡುಕೊಂಡಿತು. ಅದರ ಕುಕಿಯಲ್ಲಿ ವ್ಯಕ್ತಿಯ ಗುರುತಿನ ಸಂಖ್ಯೆ ಇರುವುದಿಲ್ಲ, ಕೊನೆಯ ಸಲ ಬಂದ ದಿನಾಂಕ ಮಾತ್ರ ಇರುತ್ತದೆ. ಬಂದ ಬ್ರೌಸರ್‌ನ ಕುಕಿಯಲ್ಲಿ ಇಂದಿಗಿಂತ ಹಿಂದಿನ ದಿನಾಂಕವಿದ್ದರೆ ದಿನದ ಲೆಕ್ಕಕ್ಕೆ ಒಂದು ಸೇರುತ್ತದೆ, ಹಿಂದಿನ ತಿಂಗಳ ದಿನಾಂಕವಿದ್ದರೆ ತಿಂಗಳ ಲೆಕ್ಕಕ್ಕೂ ಒಂದು. ಕುಕಿಯನ್ನೇ ಒಪ್ಪದ ಬ್ರೌಸರ್‌ಗಳು ಪ್ರತಿ ಸಲವೂ ಹೊಸದಾಗಿ ಕಾಣುವುದರಿಂದ ಅಂಥವುಗಳ ಪಾಲನ್ನು ಪ್ರತ್ಯೇಕವಾಗಿ ಅಂದಾಜಿಸಿ ಸೇರಿಸಲಾಗುತ್ತದೆ. ಹೀಗೆ ಬರುವ ಅಂಕಿಯನ್ನು ಫೌಂಡೇಶನ್ ಓದುಗರು ಎಂದು ಕರೆಯದೆ ಸಾಧನಗಳು ಎಂದು ಕರೆಯುತ್ತದೆ. ಈ ಪ್ರಾಮಾಣಿಕತೆ ಎಲ್ಲ ಕಡೆ ಕಾಣಸಿಗುವುದಿಲ್ಲ.

ಇಷ್ಟೆಲ್ಲ ಎಚ್ಚರ ವಹಿಸಿದರೂ 2025ರಲ್ಲಿ ಪೆಟ್ಟು ಬಿತ್ತು. ಆ ವರ್ಷದ ಮೇ ಹೊತ್ತಿಗೆ ಮನುಷ್ಯರದೆಂದು ತೋರುವ ವೀಕ್ಷಣೆಗಳು, ಮುಖ್ಯವಾಗಿ ಬ್ರೆಜಿಲ್‌ನಿಂದ, ಅಸಹಜವಾಗಿ ಏರಿದವು. ಬಾಟ್ ಪತ್ತೆಯ ನಿಯಮಗಳನ್ನು ಬಿಗಿಗೊಳಿಸಿ ಮಾರ್ಚ್‌ನಿಂದ ಆಗಸ್ಟ್‌ವರೆಗಿನ ಮಾಹಿತಿಯನ್ನು ಮತ್ತೆ ವಿಂಗಡಿಸಿದಾಗ, ಮೇ ಮತ್ತು ಜೂನ್‌ನ ಏರಿಕೆಯ ಬಹುಭಾಗ ಪತ್ತೆಯಾಗದಂತೆ ಕಟ್ಟಿದ ಬಾಟ್‌ಗಳದು ಎಂದು ಗೊತ್ತಾಯಿತು. ತಿದ್ದಿದ ಲೆಕ್ಕದಲ್ಲಿ ಮನುಷ್ಯರ ವೀಕ್ಷಣೆ 2024ರ ಅದೇ ತಿಂಗಳುಗಳಿಗಿಂತ ಸುಮಾರು ಶೇ 8ರಷ್ಟು ಇಳಿದಿತ್ತು. ಅದೇ ಸರ್ವರ್, ಅದೇ ಲಾಗ್, ಅದೇ ತಿಂಗಳು. ಯಾರನ್ನು ಮನುಷ್ಯ ಎನ್ನಬೇಕೆಂಬ ನಿಯಮ ಬದಲಾದದ್ದಕ್ಕೆ ಏರಿಕೆ ಇಳಿಕೆಯಾಯಿತು.

ಅಂಕಿಗಳನ್ನು ಹೊಂದಿಸುವ ಬಗೆ

ಎರಡು ಸಾಧನಗಳ ಅಂಕಿಯನ್ನು ಒಂದಕ್ಕೊಂದು ಪೂರ್ತಿ ಹೊಂದಿಸುವ ಪ್ರಯತ್ನ ಸಾಮಾನ್ಯವಾಗಿ ಸಮಯದ ವ್ಯರ್ಥ. ಉಪಯೋಗಕ್ಕೆ ಬರುವುದು ಅವುಗಳ ನಡುವಿನ ಅನುಪಾತ. ಸಮಯವಲಯ, ಅವಧಿ ಮತ್ತು ಅಳತೆಯನ್ನು ಒಂದೇ ಮಾಡಿಕೊಂಡು ಕೆಲವು ತಿಂಗಳು ಪಕ್ಕಪಕ್ಕ ಇಟ್ಟು ನೋಡಿದರೆ, ತುಣುಕಿನ ಲೆಕ್ಕ ಲಾಗ್‌ನ ಮನುಷ್ಯ ಲೆಕ್ಕದ ಎಷ್ಟು ಭಾಗ ಎಂಬುದು ತಿಳಿಯುತ್ತದೆ. ಆ ಅನುಪಾತ ಸ್ಥಿರವಾಗಿದ್ದರೆ ಎರಡೂ ಸಾಧನಗಳು ತಮ್ಮ ಕೆಲಸ ಮಾಡುತ್ತಿವೆ. ಅದು ಥಟ್ಟನೆ ಕುಸಿದರೆ ಹೊಸ ವಿನ್ಯಾಸದ ಪುಟಗಳಲ್ಲಿ ತುಣುಕು ಬಿಟ್ಟುಹೋಗಿರಬಹುದು, ಒಪ್ಪಿಗೆಯ ಪಟ್ಟಿ ಬದಲಾಗಿರಬಹುದು, ಹೊಸ ಬಾಟ್ ಒಂದು ತಾಣವನ್ನು ಹಿಡಿದಿರಬಹುದು. ಏರಿದರೆ ಒಂದೇ ಪುಟದಲ್ಲಿ ತುಣುಕು ಎರಡು ಸಲ ಸೇರಿಕೊಂಡಿದೆಯೇ ಎಂದು ಮೊದಲು ನೋಡಬೇಕು.

ಜಾಹೀರಾತಿನ ವ್ಯವಹಾರದಲ್ಲಿ ಮಾತ್ರ ಅನುಪಾತ ಸಾಲದು. ಅಲ್ಲಿ ಒಂದು ಅಂಕಿಗೆ ಎರಡೂ ಕಡೆಯವರು ಸಹಿ ಹಾಕಬೇಕು. ಅಮೆರಿಕದ ಜಾಹೀರಾತು ಉದ್ಯಮದ ಸಂಸ್ಥೆ ಐಎಬಿ ತನ್ನ ಮಾರ್ಗಸೂಚಿಯಲ್ಲಿ ಕುಕಿ, ಬ್ರೌಸರ್, ಸಾಧನ, ಮನುಷ್ಯ ಈ ನಾಲ್ಕನ್ನೂ ಬೇರೆ ಬೇರೆ ಅಳತೆಗಳೆಂದು ವಿಂಗಡಿಸಿದ್ದು ಇದಕ್ಕಾಗಿಯೇ. ಒಪ್ಪಂದದಲ್ಲಿ ಯಾವ ಸಾಧನ, ನಾಲ್ಕರಲ್ಲಿ ಯಾವ ಅಳತೆ, ಯಾವ ಸಮಯವಲಯ, ಬಾಟ್ ತೆಗೆಯುವ ನಿಯಮ ಯಾವುದು ಎಂದು ಮೊದಲೇ ಬರೆದುಕೊಂಡರೆ ತಿಂಗಳ ಕೊನೆಯ ಬಿಲ್ಲಿನ ಹೊತ್ತಿಗೆ ವಾದಕ್ಕೆ ಜಾಗ ಉಳಿಯುವುದಿಲ್ಲ. ಓದುಗರು ಲಾಗಿನ್ ಆಗಿ ಓದುವ ತಾಣಗಳಿಗೆ ಇನ್ನೂ ಒಂದು ಅನುಕೂಲವಿದೆ. ಚಂದಾ ಕಟ್ಟಿದವರು, ಆರ್ಡರ್ ಕೊಟ್ಟವರು, ಅರ್ಜಿ ಸಲ್ಲಿಸಿದವರು ತಾಣದ ಸ್ವಂತ ದತ್ತಸಂಚಯದಲ್ಲಿ ಹೆಸರು ಸಹಿತ ಇರುತ್ತಾರೆ. ಕುಕಿ, ಐಪಿ ವಿಳಾಸಗಳ ಅಂದಾಜನ್ನು ಒರೆಗೆ ಹಚ್ಚಲು ಅದೊಂದೇ ಗಟ್ಟಿ ಲೆಕ್ಕ.